ತುಟಿ ಹರಿದ ಮೇಲೆ ಕಲಿತ ತಗ್ಗಿನ ಸ್ವರ

ನಿಪ್ಪಾಣಿಯ ಒಂದು ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಲೇ ನನ್ನ ದುಡಿಮೆಯ ವಯಸ್ಸೆಲ್ಲ ಕಳೆಯಿತು. ಹೋದ ವರ್ಷ ಕೆಂಪು ಕೋಟು ಮರಳಿಸಿ ಮನೆ ಸೇರಿದ್ದೇನೆ. ಈಗಲೂ ಹೊಸದಾಗಿ ಬ್ಯಾಂಡಿಗೆ ಸೇರಿದವರು ಮನೆಯ ತನಕ ಬಂದು, "ಮಾಮಾ, ಮ್ಯಾಲಿನ ಸ್ವರ ಹೆಂಗ ತಗೀಬೇಕ್ರಿ?" ಎಂದು ಕೇಳುತ್ತಾರೆ. ಎತ್ತರದ ಸ್ವರ ಊದಿದವನಿಗೇ ಜನ ಶಿಳ್ಳೆ ಹಾಕುವುದು, ಅವನ ಮುಂದೆಯೇ ಫೋನು ಹಿಡಿಯುವುದು. ಹಾಗಾಗಿ ಅವರು ಅದನ್ನೇ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೆಳಗಿನ ಸ್ವರದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಾವು ಅದಕ್ಕೆ ತಗ್ಗಿನ ಸ್ವರ ಎನ್ನುತ್ತೇವೆ. ನಡುವಯಸ್ಸು ದಾಟುವವರೆಗೆ ನಾನೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬ್ಯಾಂಡಿನ ಕೆಲಸ ಹೊರಗಿನಿಂದ ಕಂಡಂತೆ ಇರುವುದಿಲ್ಲ. ಊದುವ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚು. ವರ ಇನ್ನೂ ಜಳಕಕ್ಕೆ ಹೋಗಿರುತ್ತಾನೆ, ಬೀಗರ ಗಾಡಿ ಬಂದಿರುವುದಿಲ್ಲ, ಯಾರೋ ದೊಡ್ಡವರು ಬರುವುದು ಬಾಕಿ ಇರುತ್ತದೆ. ನಾವು ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಬೇವಿನ ಗಿಡದ ಕೆಳಗೆ ನಿಂತಿರುತ್ತೇವೆ. ಬಿಸಿಲಿಗೆ ಹಿತ್ತಾಳೆ ಕಾದು ತುಟಿಗೆ ಚುರುಕ್ ಎನ್ನುತ್ತದೆ. ಆಮೇಲೆ ಒಮ್ಮೆಲೇ, "ಏ ಬಾಜಾದವರ, ಚಾಲೂ ಮಾಡ್ರಿ" ಎಂಬ ಕೂಗು. ಆ ಕೂಗು ಬಿದ್ದೊಡನೆ ಮೊದಲ ಸ್ವರವೇ ಎತ್ತರದ್ದು ಬರಬೇಕು. ಡಾಲ್ಬಿ ಬಂದ ಮೇಲಂತೂ ಇನ್ನೂ ಕಷ್ಟ. ಲಾರಿಯಲ್ಲಿ ಗೋಡೆಯಷ್ಟೆತ್ತರ ಪೇರಿಸಿದ ಆ ಪೆಟ್ಟಿಗೆಗಳು ಗುಡುಗುವಾಗ ನಾವು ಇದ್ದೇವೆಂದು ತಿಳಿಯಬೇಕಾದರೆ ಜೋರಾಗಿ, ಇನ್ನೂ ಮೇಲಕ್ಕೆ ಊದಬೇಕು. ನಾನು ಅದರಲ್ಲಿ ಪಳಗಿದ್ದೆ. ನಮ್ಮ ಬ್ಯಾಂಡಿನ ಯಜಮಾನರಾದ ಹುಸೇನ್ ಮಾಸ್ತರರು ಕ್ಲಾರಿನೆಟ್ ಹಿಡಿದು ಮುಂದೆ ನಡೆದರೆ ಅವರ ಬಲಗಡೆಯ ಜಾಗ ನನ್ನದು. ಎಡಗಡೆ ನನಗಿಂತ ಬಹಳ ಚಿಕ್ಕವನಾದ ಮಾರುತಿ ಎರಡನೆಯ ಟ್ರಂಪೆಟ್ ಊದುತ್ತಿದ್ದ.

ಆ ಜಾಗ ಒಂದು ಮಧ್ಯಾಹ್ನ ಕೈತಪ್ಪಿತು. ರಾಯಬಾಗದ ಮದುವೆ ಮುಗಿಸಿ ಟೆಂಪೋದಲ್ಲಿ ವಾಪಸು ಬರುತ್ತಿದ್ದೆವು. ಮರುದಿನದ ಹೊಸ ಹಾಡು ಮರೆತು ಹೋದೀತೆಂದು ನಾನು ಕುಳಿತಲ್ಲೇ ಟ್ರಂಪೆಟ್ ತುಟಿಗಿಟ್ಟು ಸಣ್ಣಗೆ ನುಡಿಸಿ ನೋಡುತ್ತಿದ್ದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರೊಂದು ಹೊಲದಿಂದ ರಸ್ತೆಗೆ ಏರಿತು. ಚಾಲಕ ಒಮ್ಮೆಲೇ ಬ್ರೇಕ್ ಒತ್ತಿದ. ಟ್ರಂಪೆಟ್ಟಿನ ಬಾಯಿ ಮುಂದಿನ ಸೀಟಿಗೆ ಬಡಿದು, ತುಟಿಗಿಟ್ಟಿದ್ದ ಮೌತ್‌ಪೀಸ್ ನನ್ನ ಹಲ್ಲಿಗೆ ಬಡಿಯಿತು. ನಡುವೆ ಸಿಕ್ಕ ಮೇಲ್ದುಟಿ ಹರಿಯಿತು, ಒಂದು ಹಲ್ಲು ಮುರಿಯಿತು. ಹೊಸಬರಿಗೆ ನಾನು ಮೊದಲು ಹೇಳುವ ಮಾತು ಇದು: ಓಡುವ ಗಾಡಿಯಲ್ಲಿ ವಾದ್ಯವನ್ನು ತೊಡೆಯ ಮೇಲಿಡಿ, ತುಟಿಗೆ ಇಡಬೇಡಿ.

ಮಿರಜದ ಡಾಕ್ಟರು ಹೊಲಿಗೆ ಹಾಕಿದರು. ಗಾಯ ಮಾಯಿತು, ಆದರೆ ತುಟಿಯೊಳಗೆ ಜೋಳದ ಕಾಳಿನಂಥ ಗಂಟು ಉಳಿಯಿತು. ಹೊಲಿಗೆ ಬಿಚ್ಚಿ ಕೆಲವು ವಾರಗಳಾದ ಮೇಲೆ ಟ್ರಂಪೆಟ್ ಹಿಡಿದೆ. ನಡುವಿನ ಸ್ವರಗಳು ಹೇಗೋ ಬಂದವು. ಮೇಲೆ ಏರಿದ ಕೂಡಲೇ ತುಟಿ ಮರಗಟ್ಟಿ ಬರೀ ಗಾಳಿ ಹೋಗುತ್ತಿತ್ತು. ಒತ್ತಿ ಹಿಡಿದರೆ ನೋವು ಮೂಗಿನವರೆಗೆ ಏರಿ ಕಣ್ಣಲ್ಲಿ ನೀರು ಬರುತ್ತಿತ್ತು.

ಹುಸೇನ್ ಮಾಸ್ತರರು ತಾಲೀಮಿನ ಕೋಣೆಯಲ್ಲಿ ಕುಳಿತು ಇದನ್ನು ಕೇಳಿದರು. ಮೃದು ಮಾತಿನ ಮನುಷ್ಯ ಅವರು, ಆದರೆ ಸುತ್ತಿ ಬಳಸಿ ಮಾತಾಡುವವರಲ್ಲ.

"ಯಶವಂತಾ, ಮ್ಯಾಲಿಂದು ಇನ್ನ ಮಾರುತಿ ನೋಡ್ಕೋತಾನ. ನಿನ್ನ ತುಟಿ ಮುಗದೈತಿ."

ಮಾರುತಿ ಬಾಗಿಲ ಬಳಿ ನಿಂತು ತನ್ನ ಟ್ರಂಪೆಟ್ ಒರೆಸುತ್ತಿದ್ದ. ನನ್ನ ಕಡೆ ನೋಡಲಿಲ್ಲ.

"ನಮ್ಮ ಬ್ಯಾಂಡಿಗೆ ತಳಾ ಇಲ್ಲ," ಎಂದರು ಮಾಸ್ತರರು. "ದಪ್ಪ ದನಿ ಯುಫೋನಿಯಂ ಊದಾವ ಮಗಳ ಮನಿಗೆ ಪುಣೆಕ ಹ್ವಾದ, ವಾದ್ಯಾನೂ ತಗೊಂಡ ಹ್ವಾದ. ಅವತ್ತಿಂದ ನಮ್ಮ ಹಾಡು ಖಾಲಿ ಡಬ್ಬಿಗತೆ ಕೇಳಸ್ತಾವ. ನೀ ಟ್ರಂಪೆಟ್ಟಿನಾಗ ತಗ್ಗಿನ ಪಾಳಿ ಹಿಡಿ."

ನನಗೆ ಅವಮಾನವಾಯಿತು. ಆದರೂ ಒಳಗೊಳಗೆ, ಇದೇನು ಮಹಾ, ತುಟಿ ಸಡಿಲ ಬಿಟ್ಟರೆ ಸ್ವರ ತಾನಾಗಿ ಕೆಳಗಿಳಿಯುತ್ತದೆ ಎಂದುಕೊಂಡೆ. ಆ ಅಂದಾಜು ಎಷ್ಟು ಸುಳ್ಳೆಂಬುದು ಸದಲಗಾದಲ್ಲಿ ತಿಳಿಯಿತು.

ಮಳೆಗಾಲ ಆಗಷ್ಟೇ ಶುರುವಾಗಿತ್ತು. ಸದಲಗಾದ ಒಬ್ಬ ಹಿರಿಯ ರೈತರು ತೀರಿಕೊಂಡಿದ್ದರು. ಮನೆಯಿಂದ ದೂಧಗಂಗೆಯ ಕಡೆಯ ಅವರ ಹೊಲದವರೆಗೆ ಭಜನೆಯ ಹಾಡುಗಳನ್ನು ನಿಧಾನವಾಗಿ ನುಡಿಸಿಕೊಂಡು ಬರಬೇಕೆಂದು ಮಗ ನಮ್ಮನ್ನು ಕರೆಸಿದ್ದ. ಜಿಟಿಜಿಟಿ ಮಳೆ. ಅಂಗಳದ ತುಂಬ ಜನ, ಆದರೆ ಒಂದು ಮಾತೂ ಇಲ್ಲ. ಶವವನ್ನು ಎತ್ತುವಾಗ ಕ್ಲಾರಿನೆಟ್ಟಿನ ಕೆಳಗೆ ನನ್ನ ತಗ್ಗಿನ ಸ್ವರ ಉದ್ದಕ್ಕೆ ನಿಲ್ಲಬೇಕೆಂದು ಮಾಸ್ತರರು ಹೇಳಿದ್ದರು. ನಾನು ತುಟಿ ಸಡಿಲಿಸಿ, ಎದೆ ತುಂಬ ಗಾಳಿ ಎಳೆದು, ಜೋರಾಗಿ ಬಿಟ್ಟೆ. ಸ್ವರ ಅರೆಗಳಿಗೆ ನಿಂತಿತು, ನಡುಗಿತು, ಆಮೇಲೆ ಭರ್ರೆಂದು ಒಡೆದುಹೋಯಿತು. ಎಂಥ ಸದ್ದು ಅದು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಗೋಡೆಯ ಬದಿಗೆ ನಿಂತಿದ್ದ ಇಬ್ಬರು ಮೂವರಿಗೆ ನಗು ತಡೆಯಲಾಗಲಿಲ್ಲ. ಒಬ್ಬ ಹೆಣ್ಣುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೆಗಲು ಕೊಟ್ಟಿದ್ದ ಮಗ ತಿರುಗಿ ನೋಡಿದ. ಬೇರೊಬ್ಬರಿಗೆ ಹೆಗಲು ದಾಟಿಸಿ ನಮ್ಮ ಹತ್ತಿರ ಬಂದ. ಬೈಯುತ್ತಾನೆ, ಬಹುಶಃ ಕೈಯೂ ಎತ್ತುತ್ತಾನೆ ಎಂದು ನಾನು ನಿಂತಿದ್ದೆ. ಅವನು ನನ್ನ ಮುಖವನ್ನೂ ನೋಡದೆ ಮಾಸ್ತರರಿಗೆ ಹೇಳಿದ:

"ಮಾಸ್ತರ, ನಮ್ಮಪ್ಪನ ಕಡೀ ದಾರಿ ಐತಿದು. ಇವರನ್ನ ಊದಾಕ ಬಿಡಬ್ಯಾಡ್ರಿ."

"ಆತ್ರಿ. ತಪ್ಪು ನಂದ ಐತಿ," ಎಂದರು ಮಾಸ್ತರರು.

ಹೊಲ ಮುಟ್ಟುವವರೆಗೆ ನಾನು ಟ್ರಂಪೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲಿ ಎಲ್ಲರ ಹಿಂದೆ ನಡೆದೆ. ಬೇರೆಯವರೆಲ್ಲ ನುಡಿಸುತ್ತಿದ್ದರು.

ನಿಪ್ಪಾಣಿಯಲ್ಲಿ ಇಳಿದ ಮೇಲೆ ಮಾಸ್ತರರು ನನ್ನನ್ನು ನಿಲ್ಲಿಸಿದರು. "ತಗ್ಗಿಂದು ಹಗರ ಅಂತ ತಿಳದಿ ನೀ. ನಾನೂ ನಿನಗ ಹೇಳಲಿಲ್ಲ. ಕಾಗವಾಡದಾಗ ಒಬ್ಬ ಸುಭೇದಾರ ಅದಾರ, ಮಿಲಿಟರಿ ಬ್ಯಾಂಡಿನಾಗ ಟ್ರಂಪೆಟ್ ಊದಿದವರು. ಅವರ ಕಡೆ ಹೋಗು. ತುಳಸಿ ಲಗ್ನದ ತನಕಾ ಹಾದಿ ನೋಡತೇನಿ. ಸೀಜನ್ ಚಾಲೂ ಆದ ಮ್ಯಾಲ ಸುಮ್ಮನ ಒಂದ ಕೋಟ್ ಕರಕೊಂಡ ತಿರಗಾಕ ನನ್ನಿಂದ ಆಗೂದಿಲ್ಲ."

ನಮ್ಮ ಕಡೆ ತುಳಸಿ ಲಗ್ನವಾದ ಮೇಲೆ ಮದುವೆಗಳು ಶುರು. ಅಲ್ಲಿಯವರೆಗೆ ಮಳೆಗಾಲವಿಡೀ ಬ್ಯಾಂಡಿಗೆ ಬಿಡುವು. ನನಗೆ ಹೊಲ ಇರಲಿಲ್ಲ. ಹೆಂಡತಿ ಸುಮನ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಅವಳ ಅಣ್ಣ ರಾಯಬಾಗ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ನನಗೆ ಕಾವಲುಗಾರನ ಕೆಲಸ ಮಾತಾಡಿಟ್ಟಿದ್ದ. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲು ಹೂಂ ಅನ್ನಬೇಕು, ಇಲ್ಲವಾದರೆ ಬೇರೆಯವರ ಪಾಲು. ಸುಮನಳಿಗೆ ಅದೇ ಸರಿಯೆನಿಸಿತ್ತು. "ಹರದ ತುಟಿ ಇಟ್ಕೊಂಡ ಯಾರ ಮುಂದ ಊದವರ ಅದೀರಿ? ಸುಮ್ಮನ ಹೂಂ ಅನ್ರಿ," ಎಂದು ದಿನವೂ ಹೇಳುತ್ತಿದ್ದಳು. ನಾನು ಆಗಲಿ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಚಿಕ್ಕೋಡಿಗೆ ಹೋಗಿ ಕಾಗವಾಡದ ಬಸ್ಸು ಹತ್ತಿದೆ.

ಸುಭೇದಾರರು ದ್ರಾಕ್ಷಿ ತೋಟದ ನಡುವಿನ ಮನೆಯಲ್ಲಿದ್ದರು. ಎತ್ತರದ ಆಳು, ಗಿಡ್ಡ ಮಾತು, ಅರ್ಧ ಮರಾಠಿ ಅರ್ಧ ಕನ್ನಡ. ಚಹಾ ಕುಡಿಸಿ, "ಊದು ಬಘೂ, ನೋಡೂಣು," ಎಂದರು. ಊದಿದೆ. ಸದಲಗಾದಲ್ಲಿ ಆದದ್ದೇ ಆಯಿತು. ಅವರು ನಗಲಿಲ್ಲ.

"ತುಟಿ, ಗದ್ದ, ಹೊಟ್ಟಿ, ಎಲ್ಲಾ ಸಡಲ ಬಿಟ್ಟೀ. ಮತ್ತ ಗಾಳಿ ಮಾತ್ರ ಹುಚ್ಚರಂಗ ಬಿಡತೀ. ತುಟಿ ನಡುವ ಅಷ್ಟ ಮೆತ್ತಗ ಇರಬೇಕ. ಬಾಯಿ ಮೂಲಿ ಎರಡೂ ಬಿಗಿ ಹಿಡಿ. ಹಲ್ಲಿನ ನಡುವ ಜಾಗಾ ಬಿಡು."

ನಾನು ಮತ್ತೆ ಊದಿದೆ. ಮತ್ತೆ ಒಡೆಯಿತು.

"ಬಿಸಿ ಚಹಾ ಆರಸಾಕ ಊದತೀಯಲ್ಲ, ಹಂಗ ಊದಾಕತ್ತೀ. ಅದು ಮ್ಯಾಲಿನ ಸ್ವರದ ಗಾಳಿ. ಥಂಡಿ ದಿನದಾಗ ಅಂಗೈಗೆ ಬಾಯಿಂದ ಕಾವು ಕೊಡತೀಯಲ್ಲ? ಹಂಗ ಬಿಡು. ಗಾಳಿ ದಪ್ಪ ಇರಬೇಕು, ಬಿಸಿ ಇರಬೇಕು, ಅವಸರ ಇರಬಾರದು."

ಅಂಗೈಗೆ ಬಾಯಿಯ ಕಾವು ಕೊಟ್ಟು ನೋಡಿದೆ. ಗಂಟಲು ತಾನಾಗಿ ತೆರೆದುಕೊಂಡಿತು. ಅದೇ ಗಾಳಿಯನ್ನು ಟ್ರಂಪೆಟ್ಟಿಗೆ ಬಿಟ್ಟಾಗ ಸ್ವರ ಒಡೆಯಲಿಲ್ಲ. ಅಳ್ಳಕವಾಗಿತ್ತು, ಬೇಸೂರಾಗಿತ್ತು, ಆದರೆ ಒಡೆಯಲಿಲ್ಲ.

ಬೇಸೂರಿಗೆ ಕಾರಣ ಬೇರೆಯೇ ಇತ್ತು. ಟ್ರಂಪೆಟ್ಟಿನಲ್ಲಿ ಬೆರಳಿಂದ ಒತ್ತುವ ಮೂರು ಕೀಲಿಗಳಲ್ಲಿ ಕೊನೆಯದರ ಬಳಿ ಬೆರಳು ಸಿಕ್ಕಿಸುವ ಉಂಗುರವುಳ್ಳ ಒಂದು ಸಣ್ಣ ನಳಿಗೆ ಇರುತ್ತದೆ. ಕೆಲವು ತಗ್ಗಿನ ಸ್ವರಗಳಿಗೆ ಅದನ್ನು ತುಸು ಹೊರಗೆ ಸರಿಸಿದರೆ ಮಾತ್ರ ಅವು ಸರಿಯಾಗಿ ಶ್ರುತಿಗೆ ಬರುತ್ತವೆ. ಎತ್ತರದಲ್ಲೇ ಊದಿದ ನಾನು ಅದನ್ನು ಎಂದೂ ಮುಟ್ಟಿರಲಿಲ್ಲ. ಅದು ಕಿಲುಬು ಹಿಡಿದು ಬೆಸೆದುಕೊಂಡಂತೆ ಕುಳಿತಿತ್ತು. ಸುಭೇದಾರರು ಎಣ್ಣೆ ಬಿಟ್ಟು, ಬಿಸಿನೀರು ಸುರಿದು, ಉಂಗುರಕ್ಕೆ ಬಟ್ಟೆಯ ಪಟ್ಟಿ ಕಟ್ಟಿದರು.

"ಎಳದ್ರ ಬರಬಹುದು, ಇಲ್ಲಂದ್ರ ಮುರೀಬಹುದು. ವಾದ್ಯಾ ನಿಂದು. ಎಳೀಲ್ಯಾ?"

ಬೇರೆ ಟ್ರಂಪೆಟ್ ತರುವ ಶಕ್ತಿ ನನಗಿರಲಿಲ್ಲ. ಮುರಿದರೆ ಅಲ್ಲಿಗೆ ಮುಗಿಯಿತು. ಮುರಿಯುವುದಾದರೆ ನನ್ನ ಕೈಯಲ್ಲೇ ಮುರಿಯಲಿ ಎಂದು ಪಟ್ಟಿಯನ್ನು ನಾನೇ ಹಿಡಿದೆ. ಮೊದಲ ಜಗ್ಗಿಗೆ ಅಲುಗಲಿಲ್ಲ. ಇನ್ನಷ್ಟು ಬಿಸಿನೀರು ಹೊಯ್ದು ಮತ್ತೆ ಜಗ್ಗಿದೆ. ಟಪ್ಪೆಂದು ಸದ್ದಾಯಿತು. ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ನಳಿಗೆ ಇಡಿಯಾಗಿ ಬಟ್ಟೆಯಲ್ಲಿ ಜೋತಾಡುತ್ತಿತ್ತು.

ಅವರು ಹಾಕಿಕೊಟ್ಟ ಕ್ರಮ ಹೇಳುವುದಕ್ಕೆ ಸುಲಭ. ಬೆಳಿಗ್ಗೆ ಮೊದಲು ವಾದ್ಯ ಮುಟ್ಟದೆ ಬರೀ ಉಸಿರು. ಆಮೇಲೆ ಬರೀ ಮೌತ್‌ಪೀಸ್. ಆಮೇಲೆ ನಡುವಿನ ಒಂದು ಸ್ವರ ಹಿಡಿದು, ಅಲ್ಲಿಂದ ಒಂದೊಂದೇ ಮೆಟ್ಟಿಲು ಕೆಳಗೆ. ಒಂದು ಸ್ವರ ನಡುಗದೆ ನಿಲ್ಲುವವರೆಗೆ ಮುಂದಿನದಕ್ಕೆ ಇಳಿಯುವಂತಿಲ್ಲ. ಮೆಲ್ಲಗೆ ಊದಬೇಕು, ತುಟಿಗೆ ಒತ್ತಬಾರದು. ಊದಿದಷ್ಟೇ ಹೊತ್ತು ಸುಮ್ಮನೆ ಕೂಡಬೇಕು. ನನಗೆ ಕಷ್ಟವಾದದ್ದು ಆ ಸುಮ್ಮನೆ ಕೂಡುವುದೇ. ತುಳಸಿ ಲಗ್ನ ಹತ್ತಿರ ಬರುತ್ತಿರುವಾಗ ಕೈಕಟ್ಟಿ ಕೂಡಲಾಗದೆ ಮತ್ತೆ ಮತ್ತೆ ವಾದ್ಯದ ಕಡೆ ಕೈ ಹೋಗುತ್ತಿತ್ತು. ಒಮ್ಮೆ ಆ ಬಿಡುವು ಕೊಡದೆ ಒಂದೇ ಸಮನೆ ಊದಿದೆ. ಮರುದಿನ ಗಂಟು ಊದಿಕೊಂಡು ಮೂರು ದಿನ ವಾದ್ಯ ಮುಟ್ಟಲಾಗಲಿಲ್ಲ. ಆಮೇಲೆ ಹಾಗೆ ಮಾಡಲಿಲ್ಲ.

ಓಣಿಯವರಿಗೂ ನನ್ನ ಅಭ್ಯಾಸ ಬೇಡವಾಯಿತು. ಎತ್ತರದ ಹಾಡನ್ನು ಮೆಚ್ಚಿ ಕೇಳಿದ್ದ ನೆರೆಯ ಅಜ್ಜಿ, "ಎಮ್ಮಿ ನರಳಿದಂಗ ಆಗತೈತೋ ಯಪ್ಪಾ, ಬ್ಯಾರೆ ಎಲ್ಲರೆ ಹೋಗು," ಎಂದಳು. ನಮ್ಮ ಓಣಿಯ ಬುದ್ಧವಿಹಾರದ ಹಿಂದಿನ ಬಯಲಿಗೆ ಹೋಗತೊಡಗಿದೆ. ಅದು ನಮ್ಮ ಹಿತ್ತಲಿಗೆ ಹತ್ತಿರ. ಸುಮನ ಬೀಡಿ ಕಟ್ಟುತ್ತ ಕುಳಿತಲ್ಲಿಗೆ ನನ್ನ ಸದ್ದು ಕೇಳಿಸುತ್ತಿತ್ತು.

ಶ್ರಾವಣದಲ್ಲಿ ಕೃಷ್ಣೆ ತುಂಬಿ ಹರಿದು ಕಾಗವಾಡದ ದಾರಿ ಕಟ್ಟಾಯಿತು. ನಾನು ಫೋನಿನಲ್ಲಿ ಊದಿದ್ದನ್ನು ಹಿಡಿದು ಸುಭೇದಾರರಿಗೆ ಕಳಿಸಿದೆ. ಅವರ ಉತ್ತರ ಬಂತು: "ಫೋನಿಗೆ ತಗ್ಗಿನ ಸ್ವರ ಹಿಡಿಯೂದಿಲ್ಲ. ಬರೇ ಗಾಳಿ ಕೇಳಸ್ತೈತಿ. ನೀರ ಇಳದ ಮ್ಯಾಲ ಬಾ." ಈಗಿನವರು ಎಲ್ಲವನ್ನೂ ಫೋನಿನಲ್ಲಿ ನೋಡಿ ಕಲಿಯುತ್ತಾರೆ. ಬೆರಳು ಇಡುವುದು, ತಾಳ ಹಾಕುವುದು ಕಲಿಯಬಹುದು. ಈ ಸ್ವರ ಮಾತ್ರ ಎದುರಿಗೆ ಕುಳಿತ ಮನುಷ್ಯನ ಕಿವಿಗೇ ಬೀಳಬೇಕು. ನನಗೆ ಆ ವಾರಗಳಲ್ಲಿ ಅಂಥ ಕಿವಿ ಇರಲಿಲ್ಲ ಎಂದುಕೊಂಡಿದ್ದೆ.

ದಸರಾ ಆದ ಮೇಲೆ ಸುಮನಳ ಅಣ್ಣ ಉತ್ತರ ಕೇಳಲು ಬಂದ. ಆ ಬೆಳಿಗ್ಗೆಯೂ ಮೂರೂ ಕೀಲಿ ಒತ್ತಿ ಹಿಡಿಯುವ ಕಟ್ಟಕಡೆಯ ಸ್ವರ ನನ್ನಿಂದ ಬಂದಿರಲಿಲ್ಲ. ಎಷ್ಟು ಸಲ ಇಳಿದರೂ ಅದರ ಮೇಲಿನ ಮೆಟ್ಟಿಲಲ್ಲೇ ಕಾಲು ಜಾರುತ್ತಿತ್ತು. ಅಣ್ಣ ಕಟ್ಟೆಯ ಮೇಲೆ ಕುಳಿತು, "ಏನ್ ಯಶವಂತರಾವ, ಸೋಮವಾರ ಹಾಜರ ಆಗತೀರೇನು? ಅವರೂ ಎಷ್ಟ ದಿನಾ ಕಾಯ್ತಾರ," ಎಂದ. ನಾನು ಹೂಂ ಎನ್ನಲು ಬಾಯಿ ತೆರೆದೆ.

"ದಾದಾ, ಬ್ಯಾರೆದವರಿಗೆ ಹೇಳು," ಎಂದಳು ಸುಮನ. ಮೊರದಲ್ಲಿದ್ದ ಎಲೆಯನ್ನು ಕತ್ತರಿಸುತ್ತಲೇ ಇದ್ದಳು.

"ಯಾಕ? ನೀನ ಬೆನ್ನ ಹತ್ತಿದ್ಯಲ್ಲ."

"ಹತ್ತಿದ್ದೆ. ಮದಲ ಅದು ಒಡಕ ಕೊಡದಂಗ ಕೇಳಸ್ತಿತ್ತು. ಈಗ ದಿನಾ ಒಂದೀಟ ಗಟ್ಟಿ ಆಗಾಕತ್ತೈತಿ. ನಾ ಇಲ್ಲೇ ಕುಂತ ಕೇಳತೇನಿ. ನಡಬರಕ ಬಿಡಸಬ್ಯಾಡ."

ಅಣ್ಣ ಚಹಾ ಕುಡಿದು, ಮುಖ ಬಿಗಿದುಕೊಂಡೇ ಎದ್ದು ಹೋದ. ಹೆಂಡತಿಯ ಮಾತಿನಿಂದ ನನಗೆ ಧೈರ್ಯ ಬರಬೇಕಿತ್ತು. ಬಂದದ್ದು ಹೆದರಿಕೆ. ಅಲ್ಲಿಯವರೆಗೆ ಸೋತರೆ ಹೋಗುವುದಕ್ಕೊಂದು ಜಾಗವಿತ್ತು. ಈಗ ಅದೂ ಇರಲಿಲ್ಲ.

ಕಟ್ಟಕಡೆಯ ಸ್ವರ ದೀಪಾವಳಿಯ ಹೊತ್ತಿಗೆ ಬಂತು. ನಾನೇನೂ ಹೊಸತು ಮಾಡಲಿಲ್ಲ. ಅವಸರಪಡದೆ ಮೇಲಿನ ಮೆಟ್ಟಿಲಲ್ಲಿ ಬಹಳ ಹೊತ್ತು ನಿಂತಿದ್ದೆ, ಬೆರಳು ಒತ್ತಿದೆ, ಸ್ವರ ಇಳಿಯಿತು, ನಿಂತಿತು. ಟ್ರಂಪೆಟ್ಟಿನ ಮೈಯೆಲ್ಲ ಅಂಗೈಯಲ್ಲಿ ಜುಮ್ಮೆಂದಿತು. ಉಸಿರು ಮುಗಿದ ಮೇಲೂ ಆ ಜುಮ್ಮು ಕೈಯಲ್ಲಿತ್ತು.

ಮಾಸ್ತರರು ಹೇಳಿದ ಗಡುವಿಗೆ ತಾಲೀಮಿನ ಕೋಣೆಗೆ ಹೋದೆ. ಅವರು ಕಣ್ಣು ಮುಚ್ಚಿ ಕುಳಿತರು. ಮಾರುತಿ ಮೇಲಿನದನ್ನು ಊದಿದ, ನಾನು ಅವನ ಕೆಳಗೆ ನಿಂತೆ. ಹಾಡು ಮುಗಿದಾಗ ಮಾರುತಿ ಒಂದು ಸಲ ನನ್ನ ಕಡೆ ತಿರುಗಿ ನೋಡಿದ. ಮಾಸ್ತರರು ಕಣ್ಣು ತೆರೆದು, "ಅಥಣಿ ಲಗ್ನಕ್ಕ ಬಾ. ಕೋಟಿಗೆ ಇಸ್ತ್ರಿ ಹೊಡಸು," ಎಂದರು. ಅಷ್ಟೇ.

ಅಥಣಿಯ ಆ ಮದುವೆಯ ಮುಹೂರ್ತ ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ವರ ಬಾಸಿಂಗ ಕಟ್ಟಿಕೊಂಡು ಕುದುರೆಯ ಮೇಲೆ ಹನುಮಂತದೇವರ ಗುಡಿಗೆ ಹೋಗಿ ಬರುವ ಮೆರವಣಿಗೆ. ವರನ ಮುಂದೆ ಅವನ ಅಕ್ಕನ ಮಗಳು, ನಾಲ್ಕೈದು ವರ್ಷದ ಕೂಸು, ಜರಿಯ ಲಂಗ ಹಾಕಿಕೊಂಡು ಕುಳಿತಿದ್ದಳು. ಬಿಳಿಯ ಕುದುರೆ, ಮೆರವಣಿಗೆಗಳಲ್ಲಿ ಪಳಗಿದ್ದು. ಕಡಿವಾಣ ಹಿಡಿದಿದ್ದ ಮುದುಕನೂ ಕಸುಬಿನವನೇ. ನಾವು ಕುದುರೆಯ ಮುಂದೆ, ನಮ್ಮ ಮುಂದೆ ಕುಣಿಯುವ ಗೆಳೆಯರು.

ಪೇಟೆಯಿಂದ ಗುಡಿಯ ಕಡೆಗೆ ತಿರುಗುವ ಸಂದಿ ಇಕ್ಕಟ್ಟಾದದ್ದು. ಒಂದು ಬದಿಗೆ ಅಂಗಡಿಗಳ ಕಟ್ಟೆ, ಇನ್ನೊಂದು ಬದಿಗೆ ಬಾಯಿ ತೆರೆದ ಆಳವಾದ ಗಟಾರು. ಅಲ್ಲಿ ಹಾಡು ಏರುವ ಜಾಗ ಬಂತು. ಮಾರುತಿ ಟ್ರಂಪೆಟ್ಟನ್ನು ಆಕಾಶಕ್ಕೆ ಎತ್ತಿ ತನ್ನ ಎಲ್ಲಕ್ಕಿಂತ ಎತ್ತರದ ಸ್ವರ ಹಿಡಿದ. ಅದೇ ಹೊತ್ತಿಗೆ ಯಾರೋ ಗೆಳೆಯ ಪಟಾಕಿಯ ಸರವೊಂದನ್ನು ಹೊತ್ತಿಸಿ ಎಸೆದ. ಅದು ಕುದುರೆಯ ಹೊಟ್ಟೆಯ ಕೆಳಗೆ ಹೋಗಿ ಬಿತ್ತು.

ಕುದುರೆ ಮುಂಗಾಲೆತ್ತಿತು. ಕೂಸು ಜಾರಿತು. ವರ ಒಂದು ಕೈಯಲ್ಲಿ ಅವಳ ಲಂಗ ಹಿಡಿದ, ಇನ್ನೊಂದರಲ್ಲಿ ಜೀನು. ಕೂಸಿನ ಒಂದು ಕಾಲು ಕುದುರೆಯ ಹೆಗಲಿನ ಪಕ್ಕ ನೇತಾಡುತ್ತಿತ್ತು. ಮಾಸ್ತರರು ಕೈಯೆತ್ತಿ ಬ್ಯಾಂಡು ನಿಲ್ಲಿಸಿದರು. ನಿಲ್ಲಿಸಿದ್ದೇ ಕೆಟ್ಟದ್ದಾಯಿತು. ಒಮ್ಮೆಲೇ ಬಾಜಾ ನಿಂತು ಹೆಣ್ಣುಮಕ್ಕಳ ಚೀರಾಟವೊಂದೇ ಕೇಳಿದಾಗ ಕುದುರೆ ಇನ್ನಷ್ಟು ಬೆದರಿ ಅಡ್ಡ ತಿರುಗಿ ಹಿಂದಕ್ಕೆ ಹೆಜ್ಜೆ ಹಾಕತೊಡಗಿತು. ಹಿಂದೆ ಗಟಾರು.

"ಬಂದ್ ಮಾಡಬ್ಯಾಡ್ರೋ," ಎಂದ ಕಡಿವಾಣ ಹಿಡಿದಿದ್ದ ಮುದುಕ. ಅವನ ಕೈ ಹಗ್ಗದ ಜೊತೆ ಎಳೆದಾಡುತ್ತಿತ್ತು. "ಅದಕ್ಕ ಬಾಜಾ ರೂಢಿ ಐತಿ. ಬಾರಸ್ರಿ. ಸಣ್ಣಗ ಬಾರಸ್ರಿ, ತಗ್ಗಿನಾಗ ಬಾರಸ್ರಿ."

ಮಾರುತಿ ಊದಲು ನೋಡಿದ. ಅಷ್ಟೊತ್ತು ಎತ್ತರದಲ್ಲಿ ಬಿಗಿದ ತುಟಿ ಅವನದು, ಚೀರಿದಂಥ ಸದ್ದು ಹೊರಟು ಕುದುರೆ ಮತ್ತೆ ತಲೆ ಕೊಡವಿತು. ಮಾಸ್ತರರು ಅವನ ಟ್ರಂಪೆಟ್ಟಿನ ಮೇಲೆ ಕೈಯಿಟ್ಟು ಕೆಳಗಿಳಿಸಿ ನನ್ನ ಮುಖ ನೋಡಿದರು.

ಹೆದರಿದ ಮನುಷ್ಯನ ಉಸಿರು ಎದೆಯಲ್ಲೇ ನಿಲ್ಲುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ. ಅಂಥ ಉಸಿರಿಗೆ ಮೊದಲು ಒಡೆಯುವುದು ತಗ್ಗಿನ ಸ್ವರವೇ. ಒಡೆದಾಗ ಸದಲಗಾದಲ್ಲಿ ಜನ ನಕ್ಕರು, ಇಲ್ಲಿ ಒಡೆದರೆ ಕೂಸು ಕುದುರೆಯ ಕಾಲಡಿಗೆ ಬೀಳುತ್ತಿತ್ತು. ಊದದೆ ನಿಂತುಬಿಡಲೇ ಎಂದು ಒಂದು ಕ್ಷಣ ನಿಜವಾಗಿಯೂ ಅನಿಸಿತು. ಬಾಯಿಯ ಮೂಲೆ ಬಿಗಿದೆ. ಅಂಗೈಗೆ ಕಾವು ಕೊಡುವಂತೆ ಗಾಳಿ ಬಿಟ್ಟೆ. ನಡುವಿನ ಸ್ವರ ಬಂತು. ಒಂದು ಮೆಟ್ಟಿಲು ಇಳಿದೆ, ನಿಂತೆ. ಇನ್ನೊಂದು ಇಳಿದೆ.

ಕುದುರೆಯ ಕಿವಿ ನನ್ನ ಕಡೆ ತಿರುಗಿತು. ಕಾಲು ಇನ್ನೂ ಕೆದರುತ್ತಿತ್ತು, ಹಿಂದಕ್ಕೆ ಹೋಗುವುದು ನಿಂತಿತ್ತು. "ಬಿಡಬ್ಯಾಡ, ಬಿಡಬ್ಯಾಡ," ಎನ್ನುತ್ತ ಮುದುಕ ತನ್ನ ತಲೆಯ ಪಟಕಾ ಬಿಚ್ಚಿ ಅದರ ಕಣ್ಣಿಗೆ ಸುತ್ತತೊಡಗಿದ. ನನ್ನ ಉಸಿರು ಮುಗಿಯುತ್ತ ಬಂತು. ಸ್ವರ ಕಡಿಯುವ ಮೊದಲು ಪಕ್ಕದಿಂದ ಮಾಸ್ತರರ ಕ್ಲಾರಿನೆಟ್ಟು ಅದೇ ಸ್ವರದಲ್ಲಿ ಮೆತ್ತಗೆ ಸೇರಿತು. ನಾನು ಉಸಿರೆಳೆದುಕೊಂಡು ಮತ್ತೆ ಇಳಿದೆ. ಹಾಗೆ ಒಬ್ಬರು ಉಸಿರೆಳೆಯುವಾಗ ಇನ್ನೊಬ್ಬರು ಹಿಡಿದುಕೊಳ್ಳುತ್ತ ಹೋದೆವು. ಅಂಗಡಿಯ ಕಟ್ಟೆಯಿಂದ ಒಬ್ಬ ಮನುಷ್ಯ ಕೈ ಚಾಚಿ ಕೂಸನ್ನು ಎತ್ತಿಕೊಂಡ. ವರ ಇಳಿದ. ಅವನ ಬಾಸಿಂಗ ಕಿವಿಯ ಮೇಲೆ ವಾಲಿತ್ತು. ಕುದುರೆ ಗಟಾರಿನಿಂದ ಒಂದು ಹೆಜ್ಜೆ ಮುಂದೆ ಬಂತು, ಆಮೇಲೆ ಇನ್ನೊಂದು. ಮುದುಕ ತಲೆಯಾಡಿಸಿದ ಮೇಲೆಯೇ ನಾನು ಟ್ರಂಪೆಟ್ ಇಳಿಸಿದ್ದು. ಮೌತ್‌ಪೀಸಿನ ಅಂಚಿನಲ್ಲಿ ರಕ್ತವಿತ್ತು. ಗಂಟು ಬಿರಿದಿತ್ತು.

ಯಾರೂ ನಮ್ಮ ಹತ್ತಿರ ಬಂದು ಏನೂ ಹೇಳಲಿಲ್ಲ. ಕೂಸಿನ ತಾಯಿ ಅಳುತ್ತಿದ್ದಳು, ಎಲ್ಲರೂ ಅವಳ ಸುತ್ತ ಇದ್ದರು. ಸ್ವಲ್ಪ ಹೊತ್ತಿಗೆ ವರನ ತಂದೆ ಬಂದು, "ನಡೀರಿ ನಡೀರಿ, ಮುಹೂರ್ತ ಮೀರತೈತಿ. ಜೋರಾಗಿ ಒಂದ ಹಚ್ಚರಿ," ಎಂದರು. ಮಾರುತಿ ಟ್ರಂಪೆಟ್ ಎತ್ತಲಿಲ್ಲ. ಮಾಸ್ತರರು ಕ್ಲಾರಿನೆಟ್ಟಿನಲ್ಲೇ ಹಾಡು ಶುರುಮಾಡಿದರು. ನಮ್ಮ ಕಸುಬು ಹೀಗೆಯೇ. ಮೆಚ್ಚುಗೆಗೆ ಕಾಯುತ್ತ ನಿಂತರೆ ಮೆರವಣಿಗೆ ನಮ್ಮನ್ನು ಬಿಟ್ಟು ಮುಂದೆ ಹೋಗಿರುತ್ತದೆ.

ಒಂದು ವಾರದ ಮೇಲೆ, ತುಟಿ ಮಾಯುತ್ತ ಬಂದಾಗ, ವಿಹಾರದ ಹಿಂದಿನ ಬಯಲಿಗೆ ಮಾರುತಿ ಬಂದ. ನಾನು ಅವನ ಕೆಳಗೆ ಊದತೊಡಗಿದ ಮೇಲೂ ನಾವಿಬ್ಬರು ಬೇಕಾದಷ್ಟೇ ಮಾತಾಡುತ್ತಿದ್ದೆವು. ಅವನು ಟ್ರಂಪೆಟ್ಟಿನ ಚೀಲವನ್ನು ಕಲ್ಲಿನ ಮೇಲಿಟ್ಟು ನೆಲಕ್ಕೆ ಕುಳಿತ.

"ಯಶವಂತಣ್ಣಾ, ಅವತ್ತ ನನ್ನ ಕೈಯಾಗೂ ಟ್ರಂಪೆಟ್ ಇತ್ತು. ಸಣ್ಣಗ ಊದಾಕ ಬರಲಿಲ್ಲ. ಆ ಕೂಸಿನ ಕಾಲು ಇನ್ನೂ ಕಣ್ಣ ಮುಂದ ಬರತೈತಿ."

"ನೀ ಬೇಕಂತ ಮಾಡಿದ್ದಲ್ಲ."

"ಅಲ್ಲ. ಬರಲಿಲ್ಲ, ಅಷ್ಟ. ಅದಕ್ಕ ಬಂದೇನಿ. ಕಲಸ್ತೀಯೇನು?"

ಅವನ ಚೀಲದ ಕಡೆ ಕೈ ಹೋಗುವ ಮೊದಲೇ ತಡೆದೆ. ಮೊದಲು ಬರೀ ಉಸಿರು ಎಂದು ಹೇಳಿದೆ. ಆ ಚಳಿಗಾಲವೆಲ್ಲ ಅವನು ತಪ್ಪದೆ ಬಂದ. ಎತ್ತರದಲ್ಲಿ ಅಷ್ಟು ಸಲೀಸಾಗಿ ಆಡುವ ತುಟಿಗೆ ಕೆಳಗಿನ ಒಂದೊಂದು ಮೆಟ್ಟಿಲೂ ಕಷ್ಟವಾಯಿತು. ಎದ್ದುಹೋಗುತ್ತಾನೆ ಎಂದು ನನಗೆ ಎಷ್ಟೋ ಸಲ ಅನಿಸಿತ್ತು, ಹೋಗಲಿಲ್ಲ.

ಹೋದ ವರ್ಷ ನಾನು ಬ್ಯಾಂಡು ಬಿಡುವ ದಿನ ಹುಸೇನ್ ಮಾಸ್ತರರು ಎಲ್ಲರನ್ನೂ ಕೂಡಿಸಿ, ತಗ್ಗಿನ ಪಾಳಿಗೆ ಯಾರಾದರೂ ಹೊಸಬರನ್ನು ಹುಡುಕಬೇಕಲ್ಲ ಎಂದರು. ಮೇಲಿನ ಟ್ರಂಪೆಟ್ಟಿಗೆ ಹೊಸಬರು ಸಾಲುಗಟ್ಟಿ ನಿಂತಿದ್ದರು, ಕೆಳಗಿನದಕ್ಕೆ ಯಾರೂ ಇರಲಿಲ್ಲ. ಮಾಸ್ತರರ ಬಲಗಡೆ ನಿಂತಿದ್ದ ಮಾರುತಿ, "ಹುಡಕೂದ ಬ್ಯಾಡ್ರಿ, ಅದನ್ನ ನನಗ ಕೊಡ್ರಿ," ಎಂದು ಹೇಳಿ ಬಂದು ತಗ್ಗಿನ ಪಾಳಿಯ ನನ್ನ ಜಾಗದಲ್ಲಿ ನಿಂತ.